ನಡುವಿನ ಮನೆ ಕಿತ್ತುಹಾಕಿದ ಮೇಲೆ

‘ನಮ್ಮ ಹುಡುಗರ ಹತ್ತಿರ ಇದೆಲ್ಲ ನಡೆಯಲ್ಲ, ಸುಮ್ನೆ ಟೈಮ್ ವೇಸ್ಟು’ ಎಂದಿದ್ದ ಹಿರಿಯ ಪ್ರೊಫೆಸರ್ ಕಳೆದ ಸೆಮಿಸ್ಟರಿನಲ್ಲಿ ಯಾರಿಗೆ ಹೇಗೆ ಕಲಿಯುವುದು ಇಷ್ಟ ಅಂತ ತಿಳಿಯುವ ನನ್ನ ಪ್ರಶ್ನಾವಳಿಯ ಫೈಲ್ ಕೇಳಿ ತೆಗೆದುಕೊಂಡರು. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ನಾನು ದಕ್ಷಿಣ ಕೊರಿಯಾದ ಡೇಜಾನ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದವರಿಗೆ ಇಂಗ್ಲಿಷ್ ಕಲಿಸುತ್ತೇನೆ. ಮೊದಲು ಹಿಡಿದದ್ದು ಇಂಗ್ಲಿಷ್ ಕಲಿಯುವವರ ಕಲಿಕೆಯ ಶೈಲಿ ತಿಳಿಯಲು ಜಾಯ್ ರೀಡ್ ಮಾಡಿದ 1987ರ ಪ್ರಶ್ನಾವಳಿ. 30 ವಾಕ್ಯ, ಆರು ಶೈಲಿ (ನೋಡಿ ಕಲಿಯುವುದು, ಕೇಳಿ ಕಲಿಯುವುದು, ಗುಂಪಿನಲ್ಲಿ ಕಲಿಯುವುದು, ಹೀಗೆ), ಪ್ರತಿ ವಾಕ್ಯದ ಮುಂದೆ ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ ಗುರುತು ಹಾಕಲು ಐದು ಮನೆ. ನನ್ನ ಅರೆಬರೆ ಕೊರಿಯನ್‌ನಲ್ಲಿ ನಾನೇ ಅನುವಾದಿಸಿದೆ. ‘ನೀವು’ ಅನ್ನುವುದಕ್ಕೆ ನಿಘಂಟು ನೋಡಿ ‘ದಾಂಗ್ಶಿನ್’ ಹಾಕಿದ್ದೆ. ಅದು ಗಂಡ ಹೆಂಡತಿ ಕರೆದುಕೊಳ್ಳುವ ಮಾತು, ಇಲ್ಲಾ ಬೀದಿ ಜಗಳದ ಮಾತು. ತರಗತಿಯೆಲ್ಲ ಮುಸಿಮುಸಿ ನಕ್ಕಿತು.

ಆಮೇಲೆ ಒಬ್ಬರಿಂದ ಅನುವಾದ, ಸರಿಯಿದೆಯೇ ನೋಡಲು ಇನ್ನೊಬ್ಬರಿಂದ ಮರಳಿ ಇಂಗ್ಲಿಷ್‌ಗೆ ಅನುವಾದ. ಎರಡಕ್ಕೂ ಸೇರಿ ಸುಮಾರು 4 ಲಕ್ಷ ವಾನ್, ನಮ್ಮ ಲೆಕ್ಕದಲ್ಲಿ 25 ಸಾವಿರ ರೂಪಾಯಿ ಹತ್ತಿರ. ಪೂರ್ತಿ ಸ್ವಂತ ಜೇಬಿನಿಂದ. ಕೊರಿಯನ್ ಚೆನ್ನಾಗೇ ಬಂತು, ಉತ್ತರ ಮಾತ್ರ ಸಪ್ಪೆ. ರೀಡ್ ನೋಡಿದವರಲ್ಲಿ ಕೊರಿಯಾದವರು ಎಲ್ಲರಿಗಿಂತ ಜಾಸ್ತಿ ‘ನೋಡಿ ಕಲಿಯುವ’ ಕಡೆ ವಾಲಿದ್ದರು. ನನ್ನ ಹುಡುಗರು ಯಾವ ಕಡೆಗೂ ವಾಲಲಿಲ್ಲ. ಅರ್ಧಕ್ಕರ್ಧ ಜನ ನಡುವಿನ ‘ಬೊತೋಂಗ್’ ಮನೆಯಲ್ಲೇ ಕೂತಿದ್ದರು. ಅಂದರೆ ‘ಪರವಾಗಿಲ್ಲ, ಸಾಧಾರಣ’.

ನಡುವಿನ ಮನೆ ಕಿತ್ತುಹಾಕಿದೆ. ಆಗ ಇನ್ನೊಂದು ತಲೆನೋವು. ನಾನು ತರಗತಿಯಲ್ಲಿ ಏನು ಜಾಸ್ತಿ ಮಾಡಿಸುತ್ತೇನೋ ಅದೇ ಎಲ್ಲರಿಗೂ ಇಷ್ಟವಂತೆ! ಹಾಳೆಯ ತಲೆಯಲ್ಲಿ ರೋಲ್ ನಂಬರ್ ಕೇಳಿದ್ದೆ, ಯಾರು ಬರೆದದ್ದು ಅಂತ ಗೊತ್ತಾದರೆ ನನ್ನನ್ನು ಮೆಚ್ಚಿಸಲೇ ಬರೆಯುತ್ತಾರೆ, ದಡ್ಡತನ ನನ್ನದೇ. ಅದನ್ನು ತೆಗೆದು, ಅವರೇ ಆರಿಸಿಕೊಂಡ ಗುಟ್ಟಿನ ಹೆಸರು ಬರೆಸಿದೆ.

ನಡುವೆ ವಾರ್ಕ್ (VARK) ಅನ್ನುವ ಇನ್ನೊಂದು ಕಲಿಕೆಯ ಶೈಲಿಯ ಪ್ರಶ್ನಾವಳಿಯನ್ನೂ ನೋಡಿದೆ. ಅದರಲ್ಲಿ ಒಂದಕ್ಕಿಂತ ಜಾಸ್ತಿ ಉತ್ತರಕ್ಕೆ ಗುರುತು ಹಾಕಬಹುದು, ಅಲ್ವಾ? ಮೂರು ಸಲ ಹೇಳಿದರೂ ಒಂದೇ ಹಾಕಿದರು. ಐದರಲ್ಲಿ ಒಂದೇ ಸರಿ ಅಂತ ಸುನುಂಗ್ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಗೆ ವರ್ಷಗಟ್ಟಲೆ ತಯಾರಾದ ಕೈಗಳು ಅವು. ಇನ್ನು ಅದರಲ್ಲಿದ್ದ, ಯಾರಿಗಾದರೂ ದಾರಿ ಹೇಗೆ ಹೇಳುತ್ತೀರಿ ಅನ್ನುವ ಪ್ರಶ್ನೆಯಂತೂ ಸತ್ತೇಹೋಯಿತು. ಇಲ್ಲಿ ಯಾರೂ ನಕ್ಷೆ ಬರೆಯಲ್ಲ, ಬಾಯಲ್ಲೂ ಹೇಳಲ್ಲ. ಕಾಕಾವ್‌ಟಾಕ್‌ನಲ್ಲಿ (ಇಲ್ಲಿಯ ವಾಟ್ಸಾಪ್ ಅನ್ನಿ) ನೇವರ್ ಮ್ಯಾಪ್ ಲಿಂಕ್ ಕಳಿಸುತ್ತಾರೆ.

ನನಗೆ ದಾರಿ ಸಿಕ್ಕಿದ್ದು ರೀಡ್ ಅವರ ‘ಗುಂಪಿನಲ್ಲಿ ಕಲಿಯುವ’ ವಾಕ್ಯಗಳಲ್ಲಿ. ‘ಗುಂಪು’ ಎಂದ ಕೂಡಲೇ ಇವರಿಗೆ ನೆನಪಾಗುವುದು ‘ಟಿಮ್‌ಪುಲ್’, ಅಂದರೆ ಟೀಮ್ ಪ್ರಾಜೆಕ್ಟ್. ಒಬ್ಬ ದುಡಿಯುತ್ತಾನೆ, ಮೂವರು ಹೆಸರು ಹಾಕಿಸಿಕೊಳ್ಳುತ್ತಾರೆ. ಮೇಲಾಗಿ ಗ್ರೇಡು ಕೊಡುವುದು ಒಬ್ಬರನ್ನೊಬ್ಬರಿಗೆ ಹೋಲಿಸಿ. ಪಕ್ಕದವನು ಮೇಲೆ ಹೋದರೆ ಇವನು ಕೆಳಗೆ. ಇದರಲ್ಲಿ ಕಲಿಕೆಯ ಶೈಲಿ ಎಲ್ಲಿ ಬಂತು? ಆ ವಾಕ್ಯಗಳನ್ನು ಎರಡಾಗಿ ಸೀಳಿದೆ: ನೀವೇ ಆರಿಸಿದ ಗೆಳೆಯರ ಜೊತೆ, ಪ್ರೊಫೆಸರ್ ಹಂಚಿದ ತಂಡದ ಜೊತೆ. ಎರಡರ ಅಂಕ ಆಕಾಶ ಭೂಮಿಯಷ್ಟು ದೂರ ಬಂತು. ಮಿಕ್ಕ ವಾಕ್ಯಗಳನ್ನೂ ಹಾಗೇ ಕಣ್ಣಿಗೆ ಕಟ್ಟುವ ಸಂದರ್ಭ ಮಾಡಿ ನಾಲ್ಕು ಆಯ್ಕೆ ಕೊಟ್ಟೆ. ‘ನಾಳೆ ಪರೀಕ್ಷೆ, ರಾತ್ರಿ 11, ಕೆಫೆಯಲ್ಲಿ ಕೂತಿದ್ದೀರಿ, ಮೊದಲು ಏನು ತೆಗೆಯುತ್ತೀರಿ’ ಅನ್ನುವ ಥರ. ಕಣ್ಣುಮುಚ್ಚಿ ಗುರುತು ಹಾಕುವವರನ್ನು ಹಿಡಿಯಲು ಎರಡು ವಾಕ್ಯ ಸೇರಿಸಿದ್ದೇನೆ. ಅವು ಯಾವುವು ಅಂತ ಮಾತ್ರ ಹೇಳಲ್ಲ.

ಎರಡು ವಾರ ಬಿಟ್ಟು ಮತ್ತೆ ಕೊಟ್ಟಾಗ 60 ಜನರಲ್ಲಿ ಹೆಚ್ಚುಕಡಿಮೆ 45 ಮಂದಿಗೆ ಅದೇ ಶೈಲಿ ಮೊದಲು ಬಂತು. ಹಳೆಯದರಲ್ಲಿ ಅರ್ಧವೂ ದಾಟಿರಲಿಲ್ಲ. ಎರಡನೇ ಸಲ ಬಂದವರಿಗೆಲ್ಲ ಕಾಫಿ ಕೂಪನ್, ಅದೊಂದು ಎರಡೂವರೆ ಲಕ್ಷ ವಾನ್ ಬೇರೆ.

ತಮಾಷೆಗೆ ಹಾಸನದಲ್ಲಿ ಓದುವ ತಂಗಿ ಮಗನ ಗೆಳೆಯರಿಗೂ ಹಳೆಯ ವಾಕ್ಯಗಳನ್ನು ಕನ್ನಡದಲ್ಲಿ ಕಳಿಸಿದ್ದೆ. ‘ಓದಿ ಕಲಿಯುತ್ತೇನೆ’ ಅನ್ನುವುದಕ್ಕೆ ಎಂಟೂ ಜನ ಐದಕ್ಕೆ ಐದು. ನಮ್ಮಲ್ಲಿ ಕಾಲೇಜಿಗೆ ಹೋಗುವುದೂ ‘ಓದು’ ತಾನೇ!

ಶೈಲಿಗೆ ತಕ್ಕ ಪಾಠದಿಂದ ಕಲಿಕೆ ಹೆಚ್ಚುತ್ತದೆ ಅನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಮನೋವಿಜ್ಞಾನಿ ಪ್ಯಾಶ್ಲರ್ ಅವರ ತಂಡ 2008ರಲ್ಲೇ ಬರೆದಿದೆ. ಒಪ್ಪುತ್ತೇನೆ. ನಾನು ಇದನ್ನು ತಂಡ ಕಟ್ಟಲು, ಚಟುವಟಿಕೆ ಆರಿಸಲು ಬಳಸುತ್ತೇನೆ, ಅಷ್ಟೇ. ಫಲಿತಾಂಶ ಹುಡುಗರ ಕೈಗೆ ಕೊಡಲ್ಲ. ಒಮ್ಮೆ ಕೊಟ್ಟಿದ್ದೆ. ಎಂಬಿಟಿಐ ಎಂಬ ವ್ಯಕ್ತಿತ್ವ ಪರೀಕ್ಷೆಯ ಹುಚ್ಚಿನ ದೇಶ ನೋಡಿ, ಒಬ್ಬಳು ‘ನಾನು ನೋಡಿ ಕಲಿಯುವವಳು, ಲಿಸನಿಂಗ್ ನನಗೆ ಆಗಲ್ಲ’ ಅಂತ ರಿಯಾಯಿತಿ ಕೇಳಿಕೊಂಡು ಬಂದಳು.

ಈಗ ಕಡ್ಡಾಯ ಸೇನಾ ಸೇವೆ ಮುಗಿಸಿ ವಾಪಸ್ ಬರುವ ಹುಡುಗರಿಗೆ ಬೇರೆ ಹಾಳೆ ಮಾಡುತ್ತಿದ್ದೇನೆ. ಅವರು ಎಲ್ಲದಕ್ಕೂ ಮೊದಲ ಆಯ್ಕೆಗೇ ಗುರುತು ಹಾಕಿ ಎರಡು ನಿಮಿಷಕ್ಕೆ ಎದ್ದುಹೋಗುತ್ತಾರೆ.