ಲಾಗ್ ಬುಕ್ಕಿನಲ್ಲಿ ಬರೆಯದೇ ಬಿಟ್ಟಿದ್ದು

ಹಡಗಿನ ಕೆಲಸದಿಂದ ನಿವೃತ್ತನಾಗಿ ಮೈಸೂರಿನ ಸರಸ್ವತಿಪುರಂನಲ್ಲಿ ಮನೆ ಮಾಡಿದ ಮೇಲೆ ಮೊದಲ ಕಥೆ ಬರೆದೆ. ಹೆಂಡತಿ ಎರಡು ಪುಟ ಓದಿ ಪಕ್ಕಕ್ಕಿಟ್ಟಳು. "ರೀ, ಗಾಳಿ ಇದೆ, ಅಲೆ ಇದೆ. ಮನುಷ್ಯರೇ ಇಲ್ವಲ್ಲ?" ಅಂದಳು.

ನಿಜ. ನಾನು ಬರೆದಿದ್ದು ಲಾಗ್ ಬುಕ್. ಗಂಟೆ, ದಿಕ್ಕು, ಗಾಳಿಯ ಬಲ, ಬ್ಯಾರೋಮೀಟರ್. ಹೆದರಿಕೆಯಾಯಿತು ಅಂತ ಯಾವ ಕ್ಯಾಪ್ಟನ್ನೂ ಅದರಲ್ಲಿ ಬರೆಯುವುದಿಲ್ಲ.

ಮತ್ತೆ ಕೂತೆ. 'ಬ್ಯೂಫರ್ಟ್ 9' ಅನ್ನುವುದನ್ನು ಹೊಡೆದು ಹಾಕಿದೆ. ಗಂಟೆಗೆ 75ರಿಂದ 88 ಕಿಲೋಮೀಟರ್ ಗಾಳಿ ಅದು, ಊರಲ್ಲಿ ಬೀಸಿದರೆ ಹೆಂಚು ಹಾರುತ್ತೆ. ಆದರೆ ಕೆಆರ್‌ಎಸ್ ಹಿನ್ನೀರಿಗಿಂತ ದೊಡ್ಡ ನೀರು ನೋಡದ ಮಂಡ್ಯದ ಓದುಗರಿಗೆ ಆ ಅಂಕಿಯಿಂದ ಏನು ಕಾಣುತ್ತೆ? ಬದಲಿಗೆ ಊಟದ ಕೋಣೆ ಬರೆದೆ. ಹಡಗು ಜಾಸ್ತಿ ಹೊಯ್ದಾಡುವಾಗ ತಟ್ಟೆ ಜಾರದಿರಲಿ ಅಂತ ಮೇಜಿನ ಬಟ್ಟೆಯನ್ನು ನೆನೆಸಿ ಹಾಸುತ್ತೇವೆ. ಮಲಗುವಾಗ ಲೈಫ್ ಜಾಕೆಟ್ಟನ್ನು ಹಾಸಿಗೆಯ ಅಂಚಿನಡಿ ತುರುಕಿ, ಗೋಡೆಗೆ ಒತ್ತಿಕೊಂಡು ಮಲಗುತ್ತೇವೆ. ಒಮ್ಮೆ ಹೊಸ ಕೆಡೆಟ್ ಹುಡುಗನೊಬ್ಬ ಆ ಜಾಕೆಟ್ಟನ್ನು ಎದೆಗೆ ಅವುಚಿಕೊಂಡು ರಾತ್ರಿಯಿಡೀ ಕೂತೇ ಇದ್ದ. ಅವನನ್ನು ಕಣ್ಣಾರೆ ನೋಡಿ ಬಂದು ನಾನು ಗಾಳಿಯ ದಿಕ್ಕನ್ನಷ್ಟೇ ಬರೆದಿಟ್ಟಿದ್ದೆ. ಈ ಸಲ ಕಥೆ ಅವನಿಂದಲೇ ಶುರುವಾಯಿತು.

ಇನ್ನೊಂದು ತೊಡಕು ಭಾಷೆಯದು. ಮೂವತ್ತು ವರ್ಷ ಇಂಗ್ಲಿಷಿನಲ್ಲೇ ಆರ್ಡರ್ ಕೊಟ್ಟವನು ನಾನು. ಲಂಗರು, ಚುಕ್ಕಾಣಿ, ಹಾಯಿ ನಮ್ಮಲ್ಲೇ ಇದ್ದವು. ಮಲ್ಪೆ ಬಂದರಿನಲ್ಲಿ ನಾಲ್ಕು ದಿನ ಕೂತು ಬೋಟು ನಡೆಸುವ ತಾಂಡೇಲರ ಮಾತು ಕೇಳಿಸಿಕೊಂಡೆ. ರಾಡಾರ್, ಬ್ರಿಡ್ಜ್ (ಹಡಗು ನಡೆಸುವ ಕೋಣೆ), ಎಂಜಿನ್ ರೂಮ್ ಹಾಗೇ ಇಟ್ಟೆ. ಸುಮ್ನೆ ಹೊಸ ಪದ ಕಟ್ಟಿದರೆ ಓದುವವರು ಎಡವುತ್ತಾರೆ, ಅಲ್ವಾ?

ಬರೆಯುವುದು ಬೆಳಗಿನ ಜಾವ ನಾಲ್ಕರಿಂದ ಎಂಟು. ಚೀಫ್ ಆಫೀಸರ್ ಆಗಿದ್ದಾಗ ನನ್ನ ವಾಚ್, ಅಂದರೆ ಕಾವಲಿನ ಪಾಳಿ, ಅದೇ. ಕಡಲಂಚಿನಿಂದ ನಕ್ಷತ್ರದ ಎತ್ತರ ಅಳೆಯುವ ಸೆಕ್ಸ್‌ಟೆಂಟ್ ಹಿಡಿದು ಕಾಯುತ್ತಿದ್ದ ಹೊತ್ತು. ನಕ್ಷತ್ರವೂ ಕಡಲಂಚೂ ಒಟ್ಟಿಗೆ ಕಾಣುವುದು ಕೆಲವೇ ನಿಮಿಷ, ಅಷ್ಟರಲ್ಲಿ ಅಳೆದುಬಿಡಬೇಕು. ಇಲ್ಲಿ ಹಾಲಿನವರ ಬೈಕ್ ಬರುವವರೆಗೆ ಬೀದಿಯಲ್ಲಿ ಸದ್ದೇ ಇರುವುದಿಲ್ಲ.

ಈಗ ಬರೆಯುತ್ತಿರುವ ಕಾದಂಬರಿಯಲ್ಲಿ ನಿನ್ನೆ ನಡುಗಡಲಲ್ಲಿ ಎಂಜಿನ್ ನಿಂತಿತು. ಅದರ ಗದ್ದಲದಲ್ಲೇ ಗಾಢ ನಿದ್ದೆ ಮಾಡುವವರು, ಅದು ನಿಂತ ತಕ್ಷಣ ಎದ್ದು ಕೂರುತ್ತಾರೆ. ಎಲ್ಲರೂ ಎದ್ದಿದ್ದಾರೆ. ಹಡಗು ನಿಧಾನಕ್ಕೆ ಅಲೆಗೆ ಅಡ್ಡ ತಿರುಗುತ್ತಿದೆ. ಸೆಕೆಂಡ್ ಎಂಜಿನಿಯರ್ ಟಾರ್ಚ್ ಹಿಡಿದು ಕೆಳಗೆ ಇಳಿದಿದ್ದಾನೆ. ನಾಳೆ ನಾಲ್ಕಕ್ಕೆ ನಾನೂ ಇಳಿಯಬೇಕು.