ನರ್ಸಮ್ಮ ಅಂದವರೇ ಈಗ ಹೀಲ್ ಕೇಳ್ತಾರೆ: ಟ್ಯಾಂಕಿ ಆನ್‌ಲೈನ್‌ನಲ್ಲಿ ನನ್ನ ಇಸಿಡಾ ಅನುಭವ

ಟ್ಯಾಂಕ್ ಕಾದಾಟದ ಆಟ ಟ್ಯಾಂಕಿ ಆನ್‌ಲೈನ್‌ನಲ್ಲಿ ಇಸಿಡಾ (ಬೀಮ್ ಹಾಯಿಸಿ ಜೊತೆಯವರಿಗೆ ಜೀವ ತುಂಬುವ, ಅಂದರೆ ಹೀಲ್ ಮಾಡುವ ಗನ್) ಹಾಕಿಕೊಂಡು ಟೀಮ್ ಪಟ್ಟಿಯಲ್ಲಿ ಮೇಲೆ ಬರೋಕಾಗಲ್ಲ ಅಂತ ನಮ್ಮ ಗ್ಯಾಂಗಿನಲ್ಲಿ ಎಲ್ಲರೂ ಹೇಳುತ್ತಿದ್ದರು. "ಕೊಲ್ಲೋಕೆ ಬರದೇ ಇರೋರು ಹೀಲ್ ಮಾಡ್ತಾರೆ ಕಣೋ" ಅನ್ನೋದು ಅವರ ಸಿದ್ಧಾಂತ. ನನಗೆ ನರ್ಸಮ್ಮ ಅಂತ ಹೆಸರೂ ಇಟ್ಟರು. ಈಗ ಅದೇ ಮಂದಿ ಮ್ಯಾಚ್ ಶುರುವಾಗುವ ಮೊದಲೇ ವಾಯ್ಸ್‌ನಲ್ಲಿ "ಗುರೂ, ಇವತ್ತು ನನ್ನ ಹಿಂದೆ ಬಾ" ಅಂತ ಬುಕ್ ಮಾಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆಟ ಗೊತ್ತಿರುವವರಿಗೆ ಮಾತ್ರ. ಹಲ್ ಅಂದರೆ ಟ್ಯಾಂಕಿನ ಮೈ, ಟರೆಟ್ ಅಂದರೆ ಮೇಲಿನ ಗನ್. ಇದಕ್ಕಿಂತ ಹೆಚ್ಚು ವಿವರಿಸಲು ಶುರು ಮಾಡಿದರೆ ಬೆಳಗಾಗುತ್ತದೆ.

ನಾನು ಇಸಿಡಾಗೆ ಬಂದದ್ದು ಸೇವಾಭಾವದಿಂದ ಏನಲ್ಲ, ಪಿಂಗ್ (ನೆಟ್ ತಡವಾಗುವ ಮಿಲಿಸೆಕೆಂಡು ಲೆಕ್ಕ) ಕಾಟಕ್ಕೆ. ಈ ಆಟ ರಷ್ಯಾದ ಪೆರ್ಮ್ ಊರಿನದು, 2009ರಿಂದ ಇದೆ. ನಾನಿರುವುದು ಹಾಸನದ ಪಕ್ಕ, ಮೊಬೈಲ್ ಹಾಟ್‌ಸ್ಪಾಟ್ ಮೇಲೆ. ಒಳ್ಳೆಯ ದಿನ ಪಿಂಗ್ 180ರ ಆಸುಪಾಸು. ಮಳೆ ಬಂದರೆ 300 ದಾಟುತ್ತದೆ. ಇಂಥ ನೆಟ್‌ನಲ್ಲಿ ರೈಲ್‌ಗನ್ ಟರೆಟ್ ಹಿಡಿದು ನೋಡಿ. ಸ್ಪೇಸ್ ಒತ್ತಿ, ಅದು ಚಾರ್ಜ್ ಆಗಿ ಗುಂಡು ಹೊರಡುವಷ್ಟರಲ್ಲಿ ಎದುರಿನ ಹಾರ್ನೆಟ್ (ವೇಗದ ಹಗುರ ಹಲ್) ಗೋಡೆ ಹಿಂದೆ ಹೋಗಿ ಆಗಿರುತ್ತದೆ. ಇಸಿಡಾ ಹಾಗಲ್ಲ. ಹತ್ತಿರ ಹೋಗಿ ಸುಮಾರಾಗಿ ಆ ಕಡೆ ತಿರುಗಿಸಿದರೆ ಬೀಮ್ ತಾನೇ ಹಿಡಿದುಕೊಳ್ಳುತ್ತದೆ. ಅದರಲ್ಲೂ ಹೀಲ್ ಮಾಡಬೇಕಾದವನು ನಮ್ಮವನೇ, ನಮ್ಮಿಂದ ತಪ್ಪಿಸಿಕೊಂಡು ಓಡಲ್ಲ ಅಲ್ವಾ? ಕೆಟ್ಟ ನೆಟ್ ಇರುವವನಿಗೆ ಇದಕ್ಕಿಂತ ಒಳ್ಳೆ ಟರೆಟ್ ಇಲ್ಲ.

ಮೊದಲು ಹಾಕಿಕೊಂಡದ್ದು ವಾಸ್ಪ್ ಅನ್ನುವ ಹಗುರ ಹಲ್ ಮೇಲೆ. ವೇಗ ಚೆನ್ನಾಗಿತ್ತು. ಸ್ಯಾಂಡ್‌ಬಾಕ್ಸ್‌ನಂಥ ಚಿಕ್ಕ ಮ್ಯಾಪಿನಲ್ಲಿ ಶತ್ರುವಿನ ಬೆನ್ನಿಗೆ ಅಂಟಿಕೊಂಡು ಅವನ ಜೀವ ಹೀರಿ ನನ್ನ ಜೀವ ತುಂಬಿಕೊಳ್ಳುವುದು ಮಜಾ ಕೊಡುತ್ತಿತ್ತು. ಆದರೆ ಅದು ಹೀಲಿಂಗ್ ಅಲ್ಲ, ಕಳ್ಳತನ. ಟೀಮ್‌ಗೆ ನಯಾಪೈಸೆ ಉಪಯೋಗವಿಲ್ಲ. ದೊಡ್ಡ ಮ್ಯಾಪಿಗೆ ಹೋದರೆ ಶತ್ರುವಿನ ಹತ್ತಿರ ತಲುಪುವ ಮೊದಲೇ ಸಾವು.

ಆಮೇಲೆ ಬುದ್ಧಿವಂತಿಕೆ ಮಾಡಿ ಮ್ಯಾಮತ್ ತೆಗೆದುಕೊಂಡೆ. ಹೀಲ್ ಮಾಡುವವನು ಸಾಯಬಾರದು, ಆದ್ದರಿಂದ ದಪ್ಪ ಹಲ್ ಬೇಕು ಅಂತ ಲೆಕ್ಕ. ಅಪ್‌ಗ್ರೇಡ್ ಎಲ್ಲಾ ಸೇರಿ ಒಂದೂವರೆ ಲಕ್ಷ ಕ್ರಿಸ್ಟಲ್ (ಆಟದೊಳಗಿನ ದುಡ್ಡು) ಹತ್ತಿರ ಹೋಯಿತು. ತಿಂಗಳುಗಟ್ಟಲೆ ಕೂಡಿಟ್ಟದ್ದು ಅದು. ಆದದ್ದೇನು? ಎಲ್ಲರೂ ಮುಂದೆ ಹೋಗಿ ಹೊಡೆದಾಡಿ ಸತ್ತು ಮತ್ತೆ ಹುಟ್ಟಿ ನನ್ನನ್ನು ದಾಟಿ ಹೋಗುತ್ತಿದ್ದರು. ನಾನು ದಾರಿಯಲ್ಲೇ ಇರುತ್ತಿದ್ದೆ. ಹೀಲರ್ ಮ್ಯಾಮತ್ ಅಂದರೆ ಮದುವೆ ಮುಗಿದ ಮೇಲೆ ಬರುವ ಅಡುಗೆ ಭಟ್ಟ.

ಮೂರನೆಯದು ಎಲ್ಲರೂ ಮಾಡುವಂಥದ್ದೇ: ಕಂಡವರಿಗೆಲ್ಲ ಹೀಲ್. ಹಲ್ ವೈಕಿಂಗ್‌ಗೆ ಬದಲಾಗಿತ್ತು, ಓಡಾಟ ಸಲೀಸು. ಅಲ್ಲೊಬ್ಬ ಅರ್ಧ ಜೀವ, ಇಲ್ಲೊಬ್ಬ ಕಾಲು ಜೀವ, ಅಂತ ನಾಲ್ಕು ಜನರ ನಡುವೆ ಓಡಿದೆ. ಬೀಮ್‌ನ ಎನರ್ಜಿ ಒಬ್ಬನಿಗೂ ಪೂರ್ತಿ ಸಾಲುತ್ತಿರಲಿಲ್ಲ. ಒಬ್ಬೊಬ್ಬರೂ ಎರಡು ಸೆಕೆಂಡು ತಡವಾಗಿ ಸಾಯುತ್ತಿದ್ದರು, ಅಷ್ಟೇ. ಗ್ಯಾಂಗಿನವರಿಗೆ ಹಬ್ಬ. "ನರ್ಸಮ್ಮ ಬಂದ್ರು, ಪೇಷಂಟ್ ಹೋದ" ಅನ್ನುವುದು ಅವರ ಡೈಲಾಗ್ ಆಗಿಹೋಗಿತ್ತು.

ಕೆಲಸ ಮಾಡಿದ್ದು ಇದಕ್ಕೆ ಉಲ್ಟಾ ದಾರಿ. ಒಬ್ಬನನ್ನು ಆರಿಸಿಕೊಳ್ಳುವುದು, ಮ್ಯಾಚ್ ಮುಗಿಯುವವರೆಗೆ ಅವನನ್ನು ಬಿಡದಿರುವುದು. ಉಳಿದವರು ಸಾಯಲಿ. ಕೇಳಲು ಕ್ರೂರ, ಆದರೆ ಸಾಯದ ಒಂದು ಟ್ಯಾಂಕ್ ಪಾಯಿಂಟ್ ಮೇಲೆ (ಟೀಮ್ ಹಿಡಿದಿಡಬೇಕಾದ ಜಾಗದಲ್ಲಿ) ಕೂತರೆ ಶತ್ರು ಟೀಮಿನ ಅರ್ಧ ಮಂದಿ ಅವನನ್ನು ತೆಗೆಯೋಕೇ ಬರುತ್ತಾರೆ. ಆಗ ನಮ್ಮ ಉಳಿದವರಿಗೆ ಮೈದಾನ ಖಾಲಿ.

ಯಾರನ್ನು ಆರಿಸಬೇಕು ಅನ್ನುವುದರಲ್ಲೇ ಮುಕ್ಕಾಲು ಕೆಲಸ ಇದೆ. ಟೈಟನ್ ಅಥವಾ ಮ್ಯಾಮತ್‌ನಂಥ ದಪ್ಪ ಹಲ್ ಇರುವವನು ಸರಿ. ಆದರೆ ಹಲ್ ನೋಡಿ ಮರುಳಾಗಬೇಡಿ. ಮೊದಲ ಅರ್ಧ ನಿಮಿಷ ಅವನು 2 (ಬೂಸ್ಟೆಡ್ ಆರ್ಮರ್‌ನ ಕೀ) ಒತ್ತುತ್ತಾನಾ ಅಂತ ನೋಡುತ್ತೇನೆ. ಬೂಸ್ಟೆಡ್ ಆರ್ಮರ್ ಹಾಕಿದರೆ ಬೀಳುವ ಏಟು ಅರ್ಧ. ಲೆಕ್ಕ ನೋಡಿ. ಶತ್ರು ಸೆಕೆಂಡಿಗೆ 400 ಕೊಡುತ್ತಾನೆ, ನನ್ನ ಹೀಲ್ 250 ಅಂತ ಇಟ್ಟುಕೊಳ್ಳಿ. ಆರ್ಮರ್ ಇಲ್ಲದವನು ಸೆಕೆಂಡಿಗೆ 150 ಕಳೆದುಕೊಂಡು ಸಾಯುತ್ತಾನೆ. ಆರ್ಮರ್ ಇರುವವನಿಗೆ ಬೀಳುವುದೇ 200. ಅವನು ಸಾಯುವುದಿಲ್ಲ, ಮೇಲಿಂದ ಜೀವವೂ ತುಂಬುತ್ತದೆ. ಅದೇ ಹೀಲ್, ಅದೇ ಶತ್ರು. 2 ಒತ್ತದ ಮ್ಯಾಮತ್‌ಗಿಂತ 2 ಒತ್ತುವ ಹಂಟರ್ (ಮಧ್ಯಮ ಹಲ್) ಮೇಲು. ಇದನ್ನು ಗ್ಯಾಂಗಿನಲ್ಲಿ ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿಲ್ಲುವ ಜಾಗ ಎರಡನೆಯದು. ಜೊತೆಗಾರನ ಬೆನ್ನಿಗೆ ಅಂಟಿಕೊಂಡರೆ ಅವನಿಗೆ ರಿವರ್ಸ್ ಬರಲು ಜಾಗವಿರಲ್ಲ, ಬೈಗುಳ ಬೀಳುತ್ತದೆ. ಥಂಡರ್ ಟರೆಟ್‌ನವನು ಹೊಡೆದರೆ ಸ್ಫೋಟದ ಸ್ಪ್ಲಾಶ್ ಇಬ್ಬರಿಗೂ. ರೈಲ್‌ಗನ್ ಗುಂಡು ಒಂದು ಟ್ಯಾಂಕ್ ಸೀಳಿ ಹಿಂದಿನದಕ್ಕೂ ತಾಗುತ್ತದೆ, ಆದ್ದರಿಂದ ದಪ್ಪ ಮ್ಯಾಮತ್ ಹಿಂದೆ ಬಚ್ಚಿಟ್ಟುಕೊಂಡೆ ಅನ್ನುವುದು ಭ್ರಮೆ. ನಾನು ನಿಲ್ಲುವುದು ಓರೆಯಾಗಿ, ಒಂದು ಟ್ಯಾಂಕ್ ಉದ್ದದಷ್ಟು ಬಿಟ್ಟು, ಮಧ್ಯದಲ್ಲಿ ಸಾಧ್ಯವಾದರೆ ಒಂದು ಕಂಬದ ಅಂಚು. ಬೀಮ್ ಹಾದುಹೋಗುವಷ್ಟು ಸಂದು ಇದ್ದರೆ ಸಾಕು. ಟ್ಯಾಂಕಿನ ಮೂತಿ ಓಡಿಹೋಗುವ ದಿಕ್ಕಿಗೆ, ಟರೆಟ್ ಜೊತೆಗಾರನ ಕಡೆಗೆ. ಅವನು ಹಿಂದೆ ಸರಿದರೆ ನಾನು ತಿರುಗದೆ ಹಾಗೇ ಮುಂದೆ ಹೋಗುತ್ತೇನೆ, ಬೀಮ್ ಕಡಿಯಲ್ಲ. ಇದಕ್ಕೆ ಟರೆಟ್ ತಿರುಗಿಸುವ ಝಡ್ ಮತ್ತು ಎಕ್ಸ್ ಕೀಗಳ ಮೇಲೆ ಎಡಗೈ ಸದಾ ಇರಬೇಕು. ನನ್ನ ಲ್ಯಾಪ್‌ಟಾಪಿನ ಝಡ್ ಕೀ ಇದರಲ್ಲೇ ಸತ್ತಿತು. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಆರುನೂರೋ ಏಳುನೂರೋ ಕೊಟ್ಟು ಹೊರಗಿನ ಕೀಬೋರ್ಡ್ ತಂದೆ. ಇಡೀ ಆಟಕ್ಕೆ ನಾನು ಹಾಕಿದ ದುಡ್ಡಿನಲ್ಲಿ ಅತಿ ಹೆಚ್ಚು ವಸೂಲಾದದ್ದು ಅದೇ.

ದುಡ್ಡಿನ ಮಾತು ಬಂತು, ಹೇಳಿಬಿಡುತ್ತೇನೆ. ನೆನಪಿನ ಲೆಕ್ಕ: ಈವರೆಗೆ ಎರಡೂವರೆ ಸಾವಿರ ರೂಪಾಯಿ ಒಳಗೆ. ಅರ್ಧಕ್ಕಿಂತ ಜಾಸ್ತಿ ಪ್ರೀಮಿಯಂ ಖಾತೆಗೆ. ದಿನಾ ಕೂರುವವರಿಗೆ ಅದು ಸರಿ, ವಾರಕ್ಕೊಮ್ಮೆ ಆಡುವವರು ತಗೋಬೇಡಿ. ಒಂದು ಸಲ ಹಬ್ಬದ ಸೇಲ್‌ನಲ್ಲಿ ಚೆಂದದ ಪೇಂಟ್ ನೋಡಿ ಬಂಡಲ್ ಕೊಂಡೆ. ಒಳಗೆ ಬಂದ ಉಳಿದ ಸಾಮಾನು ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿದೆ. ಕ್ರಿಸ್ಟಲ್ ಹಾಕುವ ಸಾಲು ನನ್ನ ಪ್ರಕಾರ ಹೀಗೆ: ಮೊದಲು ಹಲ್, ಆಮೇಲೆ ರೈಲ್‌ಗನ್ ಏಟು ಕಡಿಮೆ ಮಾಡುವ ಪ್ರೊಟೆಕ್ಷನ್ ಮಾಡ್ಯೂಲ್, ಕೊನೆಗೆ ಇಸಿಡಾ. ಎಲ್ಲರೂ ಟರೆಟ್‌ಗೆ ಮೊದಲು ಸುರಿಯುತ್ತಾರೆ. ಹೀಲ್ ಸ್ವಲ್ಪ ಕಡಿಮೆ ಇದ್ದರೆ ನಡೆಯುತ್ತದೆ ಮಾರಾಯ್ರೇ, ಹೀಲರೇ ಸತ್ತರೆ ನಡೆಯಲ್ಲ.

ಮುಂಚೆ ನನ್ನ ಜೀವ ತುಂಬಿಕೊಳ್ಳುವ ರಿಪೇರ್ ಕಿಟ್‌ಗೆ ನೀರಿನಂತೆ ಕ್ರಿಸ್ಟಲ್ ಹೋಗುತ್ತಿತ್ತು. ಈಗ ತುಂಬಾ ಕಡಿಮೆಯಾಗಿದೆ. ನನ್ನ ಜೀವ ಇಳಿದರೆ ಜೊತೆಗಾರನ ಮೈಮೇಲೆ ಬಂದ ಶತ್ರುವಿಗೇ ಬೀಮ್ ತಿರುಗಿಸುತ್ತೇನೆ. ನನಗೂ ಜೀವ ಬರುತ್ತದೆ, ಜೊತೆಗಾರನ ಭಾರವೂ ಇಳಿಯುತ್ತದೆ. ಎರಡು ಸೆಕೆಂಡು ಕಚ್ಚಿ ವಾಪಸ್. ಹೊಸಬರು ಇಲ್ಲಿ ಕಿಲ್ ಆಸೆಗೆ ಬಿದ್ದು ಶತ್ರುವಿನ ಹಿಂದೆ ಹೋಗಿಬಿಡುತ್ತಾರೆ. ಹೋಗಬಾರದು. ಜೊತೆಗಾರನಿಗೆ ಜೀವ ಪೂರ್ತಿ ಇದ್ದಾಗ ಬೀಮ್ ಹಿಡಿದು ಕೂರುವುದೂ ಬೇಡ, ಎನರ್ಜಿ ಮುಂದಿನ ದಾಳಿಗೆ ಇರಲಿ.

ಯಾವ ಏಟಿಗೆ ಹೀಲ್ ನಿಲ್ಲುತ್ತದೆ, ಯಾವುದಕ್ಕೆ ನಿಲ್ಲಲ್ಲ ಅಂತ ತಿಳಿಯಲು ಬಹಳ ಸತ್ತೆ. ವಲ್ಕನ್, ಟ್ವಿನ್ಸ್, ಫೈರ್‌ಬರ್ಡ್‌ನಂಥ ಸುರಿಯುವ ಟರೆಟ್ ಬಂದರೆ ಖುಷಿ, ಎಷ್ಟು ಬೇಕಾದರೂ ಹಿಡಿದು ನಿಲ್ಲಿಸಬಹುದು. ದೂರದಿಂದ ಗುರಿ ಇಟ್ಟು ಹೊಡೆಯುವ ಶಾಫ್ಟ್ ಟರೆಟ್‌ನವನು ಸ್ಕೋಪ್‌ನಲ್ಲಿ ಪೂರ್ತಿ ಚಾರ್ಜ್ ತುಂಬಿಸಿಕೊಂಡು ಗುಂಡು ಬಿಟ್ಟನೋ, ಇಸಿಡಾ ಏನೂ ಮಾಡಲ್ಲ. ಅದಕ್ಕೇ ಸೈಲೆನ್ಸ್‌ನಂಥ ದೊಡ್ಡ ಮ್ಯಾಪಿನಲ್ಲಿ ಬಯಲಿಗೆ ಹೋಗುವ ಜೊತೆಗಾರನನ್ನು ಬಿಟ್ಟು ಬೇರೆಯವನನ್ನು ಹಿಡಿಯುತ್ತೇನೆ. ಸೈಲೆನ್ಸ್‌ನಲ್ಲಿ ನಾನು ನಿಲ್ಲುವ ಒಂದು ಜಾಗ ಇದೆ, ಅಲ್ಲಿ ಶಾಫ್ಟ್‌ನ ಕಣ್ಣು ಬೀಳಲ್ಲ. ಅದು ಎಲ್ಲಿ ಅಂತ ಕೇಳಬೇಡಿ.

ಮೋಡ್‌ಗಳಲ್ಲಿ ನನ್ನ ಇಷ್ಟದ್ದು ಕಂಟ್ರೋಲ್ ಪಾಯಿಂಟ್ಸ್. ಅಲ್ಲಿ ಟ್ಯಾಂಕ್ ಒಂದೆಡೆ ನಿಲ್ಲಲೇಬೇಕು, ನಿಂತ ಟ್ಯಾಂಕ್‌ಗೆ ಹೀಲ್ ಮಾಡುವುದು ಸುಲಭ. ಫ್ಲ್ಯಾಗ್ ಮ್ಯಾಚ್ ಆದರೆ ಕಥೆಯೇ ಬೇರೆ. ಫ್ಲ್ಯಾಗ್ ಹೊತ್ತ ಹಾರ್ನೆಟ್ ಹಿಂದೆ 4 ಒತ್ತಿಕೊಂಡು ಓಡಬೇಕು, ಸ್ಪೀಡ್ ಬೂಸ್ಟ್ ಖಾಲಿಯಾದರೆ ಅವನಿಗೂ ನನಗೂ ನಂಟಿಲ್ಲ. ಸ್ಪೀಡ್ ಬೂಸ್ಟ್ ಎಷ್ಟಿದ್ದರೂ ಸಾಲದು. ಬರೀ ಕೊಲ್ಲುವ ಲೆಕ್ಕದ ಟೀಮ್ ಡೆತ್‌ಮ್ಯಾಚ್ ಇಸಿಡಾಗೆ ದಂಡ.

ಹಲ್ ಕೊನೆಗೆ ಡಿಕ್ಟೇಟರ್‌ನಲ್ಲಿ ನಿಂತಿತು. ಇದಕ್ಕೂ ಗ್ಯಾಂಗಿನವರು ನಕ್ಕಿದ್ದರು. ಎತ್ತರದ ಹಲ್, ಎಲ್ಲರ ಕಣ್ಣಿಗೂ ಬೀಳುತ್ತೆ ಅಂತ. ನಿಜ, ಬೀಳುತ್ತದೆ. ಆದರೆ ಟರೆಟ್ ಎತ್ತರದಲ್ಲಿದ್ದರೆ ಗಿಡ್ಡ ಗೋಡೆಯ ಮೇಲಿಂದ ಬೀಮ್ ಹಾಯಿಸಬಹುದು. ಅದಕ್ಕಿಂತ ಮುಖ್ಯ, ಡಿಕ್ಟೇಟರ್‌ನ ಓವರ್‌ಡ್ರೈವ್ (ಶಿಫ್ಟ್ ಒತ್ತಿದರೆ ಬರುವ ಹಲ್‌ನ ವಿಶೇಷ ಶಕ್ತಿ) ಸುತ್ತಲಿನ ನಮ್ಮವರಿಗೂ ಬೂಸ್ಟ್ ಹಾಕುತ್ತದೆ. 2 ಒತ್ತಲು ಮರೆತವನಿಗೂ ಆರ್ಮರ್ ಸಿಗುತ್ತದೆ, ಮೇಲೆ ಹೇಳಿದ ಲೆಕ್ಕ ತಾನಾಗಿ ನಡೆಯುತ್ತದೆ. ಜೊತೆಗಾರ ಟೈಟನ್ ಆಗಿ, ಪಾಯಿಂಟ್ ಮೇಲೆ ಅವನ ಓವರ್‌ಡ್ರೈವ್‌ನ ರಕ್ಷಣಾ ಡೋಮ್ ಬಿದ್ದು, ಅದು ಮುಗಿಯುವ ಹೊತ್ತಿಗೆ ನನ್ನ ಓವರ್‌ಡ್ರೈವ್ ಬಂದರೆ, ಅಲ್ಲಿಗೆ ಬಂದವರು ಸುಮ್ನೆ ವಾಪಸ್ ಹೋಗಬೇಕು. ಇಬ್ಬರೂ ಒಟ್ಟಿಗೆ ಶಿಫ್ಟ್ ಒತ್ತಿದರೆ ವ್ಯರ್ಥ. ಒಬ್ಬರಾದ ಮೇಲೆ ಒಬ್ಬರು.

ಇನ್ನು 3ನೇ ಕೀ. ಬೂಸ್ಟೆಡ್ ಡ್ಯಾಮೇಜ್ ಹಾಕಿಕೊಂಡು ಹೀಲ್ ಮಾಡಿದರೆ ಏನಾಗುತ್ತದೆ ಅಂತ ಬಹಳ ಜನ ಕೇಳುತ್ತಾರೆ. ನಾನು ಹೇಳಲ್ಲ. ಗೆಳೆಯನ ಜೊತೆ ಖಾಲಿ ಬ್ಯಾಟಲ್ ಮಾಡಿ ಸ್ಟಾಪ್‌ವಾಚ್ ಹಿಡಿದು ನೋಡಿ. ನಾನೂ ಹಾಗೇ ಕಲಿತದ್ದು.

ಮಧ್ಯೆ ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದ್ದಿದೆ. ಒಂದು ವಾರ ನಾವಿಬ್ಬರು ಇಸಿಡಾ ಹಾಕಿ ಒಬ್ಬರಿಗೊಬ್ಬರು ಹೀಲ್ ಮಾಡಿಕೊಂಡು ತಿರುಗಿದೆವು. ಚಿಕ್ಕ ಮ್ಯಾಪಿನಲ್ಲಿ ಸಾಯುತ್ತಲೇ ಇರಲಿಲ್ಲ, ಯಾರನ್ನೂ ಸಾಯಿಸುತ್ತಲೂ ಇರಲಿಲ್ಲ. ಬೇಜಾರಾಗಿ ಬಿಟ್ಟೆವು. ಇನ್ನೊಮ್ಮೆ ಒಬ್ಬನಿಗೆ ಫ್ರೀಜ್ (ಚಳಿ ಸುರಿಯುವ ಟರೆಟ್) ಕೊಟ್ಟು, ನಮ್ಮವರಿಗೆ ಬೆಂಕಿ ಹತ್ತಿದಾಗ ತಣ್ಣಗೆ ಮಾಡಿಸಿದೆ. ಫ್ರೀಜ್‌ನಿಂದ ನಮ್ಮವರ ಬೆಂಕಿ ಆರಿಸಬಹುದು ಅಂತ ಎಷ್ಟೋ ಹಳಬರಿಗೇ ಗೊತ್ತಿಲ್ಲ. ಅವನು ಆರಿಸುವುದು, ನಾನು ತುಂಬುವುದು. ಫೈರ್‌ಬರ್ಡ್‌ನವರು ಆವತ್ತು ಚಾಟ್‌ನಲ್ಲಿ ಬೈದದ್ದು ಯಾವ ಭಾಷೆಯೋ ಗೊತ್ತಿಲ್ಲ, ಬೈಗುಳ ಅಂತ ಮಾತ್ರ ಗೊತ್ತಾಯಿತು. ಮ್ಯಾಚ್ ಮಧ್ಯೆ ಬೀಳುವ ಗೋಲ್ಡ್ ಬಾಕ್ಸ್ ಹಿಡಿಯಲೂ ಇಸಿಡಾ ಪ್ರಯತ್ನಿಸಿದೆ. ಸಾವಿರ ಕ್ರಿಸ್ಟಲ್ ಮೇಲಿಂದ ಇಳಿಯುತ್ತದೆ ಅಂದ ಕೂಡಲೇ ನಿಮ್ಮ ಜೊತೆಗಾರ ಪಾಯಿಂಟ್, ಸ್ನೇಹ ಎಲ್ಲಾ ಬಿಟ್ಟು ಓಡುತ್ತಾನೆ. ಅವನಿಗೆ ಹೀಲ್ ಮಾಡುತ್ತಾ ಹೋದರೆ ಗೋಲ್ಡ್ ಅವನಿಗೆ. ಮಾಡದಿದ್ದರೆ ಶತ್ರುವಿಗೆ. ನನಗೆ ಸಿಕ್ಕಿದ್ದು ತೀರಾ ಕಡಿಮೆ.

ಫಲಿತಾಂಶ ಕೇಳಿದರೆ, ಈಗ ಹೆಚ್ಚಿನ ಮ್ಯಾಚ್‌ಗಳಲ್ಲಿ ನನ್ನ ಕಿಲ್ ಹತ್ತು ದಾಟಲ್ಲ, ಆದರೂ ಟೀಮ್ ಪಟ್ಟಿಯಲ್ಲಿ ಮೊದಲ ಮೂರರಲ್ಲಿರುತ್ತೇನೆ. ಹೀಲಿಂಗ್‌ಗೂ ಸ್ಕೋರ್ ಇದೆ ಅನ್ನುವುದನ್ನು ನಗುವವರು ಮರೆತಿರುತ್ತಾರೆ. ನನ್ನ ಮುಂದೆ ಇರುವ ಹೆಸರು ಸಾಮಾನ್ಯವಾಗಿ ನಾನು ಹಿಡಿದುಕೊಂಡ ಜೊತೆಗಾರನದೇ. ಅವನು ಮ್ಯಾಚ್ ಮುಗಿದ ಮೇಲೆ ತಾನೇ ಗೆದ್ದೆ ಅಂದುಕೊಂಡು ಹೋಗುತ್ತಾನೆ. ಹೋಗಲಿ ಬಿಡಿ, ಮುಂದಿನ ಸಲ ನಾನಿಲ್ಲದೆ ಆಡಿದಾಗ ಗೊತ್ತಾಗುತ್ತದೆ.

ಈಗ ಮೊಬೈಲಿನಲ್ಲಿ ಇದನ್ನೇ ಮಾಡಲು ನೋಡುತ್ತಿದ್ದೇನೆ. ಓಡಿಹೋಗುವ ದಿಕ್ಕು ಒಂದು, ಟರೆಟ್ ಇನ್ನೊಂದು, ಎರಡೂ ಹೆಬ್ಬೆರಳಿನಲ್ಲಿ. ಇನ್ನೂ ಕೈಗೆ ಕೂತಿಲ್ಲ. ಕೂತರೆ ಅದನ್ನೂ ಬರೆಯುತ್ತೇನೆ. ರಾತ್ರಿ ಹತ್ತರ ಮೇಲೆ ಆನ್‌ಲೈನ್ ಇರುತ್ತೇನೆ, ಟೈಟನ್ ಇರುವವರು ಬನ್ನಿ. 2 ಒತ್ತಲು ಮರೆಯುವವರು ಬೇಡ.