ವಯರು ಎಳೆದು ಸಾಕಾದ ಮೇಲೆ

ನಮ್ಮ ಮನೆಯಿಂದ ಅಡಿಕೆ ಒಣಗಿಸುವ ಶೆಡ್ಡಿಗೆ ಹೆಚ್ಚೆಂದರೆ ಮೂವತ್ತೈದು ಮೀಟರ್. ಆದರೆ ಅಲ್ಲಿ ಒಂದು ಸ್ಕ್ರೂ ತಿರುಗಿಸಬೇಕಾದರೆ ಮೂರು ವಯರು ಜೋಡಿಸಬೇಕಿತ್ತು. ಜಗಲಿಯ ಪ್ಲಗ್ಗಿನಿಂದ ಒಂದು, ಅದರ ತುದಿಗೆ ಮಗನ ಕಂಪ್ಯೂಟರಿನ ಸ್ಪೈಕ್ ಬಾಕ್ಸು, ಅದಕ್ಕೆ ಮದುವೆ ಲೈಟಿಂಗಿನವರು ಬಿಟ್ಟುಹೋದ ಹಳೇ ವಯರು. ಅಂಗಳದಲ್ಲಿ ಅಡಿಕೆ ಹರಡಿದ್ದರೆ ಅದರ ಮೇಲಿಂದ ಎಳೆಯುವ ಹಾಗಿಲ್ಲ. ಹಟ್ಟಿಯ ಬದಿಯಿಂದ ಸುತ್ತು ಹಾಕಿ ತರಬೇಕು. ಇಷ್ಟೆಲ್ಲ ಮಾಡಿ ಡ್ರಿಲ್ ಒತ್ತಿದರೆ ತಿರುಗುವುದಿಲ್ಲ. ಯಾವ ಜೋಡಣೆ ಬಿಟ್ಟಿದೆ ಎಂದು ಹುಡುಕುತ್ತಾ ವಾಪಸು ನಡೆಯಬೇಕು.

2021ರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ಹಾಗೇ ಹುಡುಕಲು ಹೋದೆ. ಅಂಗಳ ಒದ್ದೆ, ಕೈ ಒದ್ದೆ, ವಯರಿನ ಟೇಪು ಬಿಟ್ಟಿತ್ತು. ಮೊಣಕೈವರೆಗೆ ಜುಮ್ಮೆಂದದ್ದು ಮಾತ್ರ ನೆನಪು. ಅಷ್ಟರಲ್ಲಿ ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು, ಇಎಲ್‌ಸಿಬಿ, ಬಿದ್ದು ಮನೆಯೆಲ್ಲ ಕತ್ತಲೆ. ಒಳಗಿನಿಂದ ಹೆಂಡತಿ, ‘ಕರೆಂಟು ಹೋಯ್ತಾ?’ ಎಂದು ಕೇಳಿದಳು. ‘ಹೋಯ್ತು’ ಎಂದೆ. ಹೋಗಬೇಕಿದ್ದದ್ದು ನಾನು ಎಂದು ಹೇಳಲಿಲ್ಲ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಕನ್ನಡ ಮಾಧ್ಯಮ ಶಾಲೆಯಲ್ಲಿ ಲೆಕ್ಕದ ಮಾಷ್ಟ್ರು. ಒಂದೂವರೆ ಎಕರೆ ಅಡಿಕೆ, ನಡುವೆ ಒಂದಷ್ಟು ಕೊಕ್ಕೋ, ಗುಡ್ಡೆಯ ಬದಿಯಲ್ಲಿ ತೆಂಗು. ಸಣ್ಣ ರಿಪೇರಿಗೆಲ್ಲ ಜನ ಸಿಗುವ ಕಾಲ ಮುಗಿದಿದೆ. ಶನಿವಾರ, ಭಾನುವಾರ ಬಂದರೆ ಬಡಗಿ, ಪ್ಲಂಬರ್, ಶೀಟಿನ ಕೆಲಸದವ ಎಲ್ಲ ನಾನೇ.

ಶಾಕ್ ಹೊಡೆದ ಆ ವಾರವೇ ಆತುರದಲ್ಲಿ ಒಂದು ಬ್ಯಾಟರಿ ಡ್ರಿಲ್ ತರಿಸಿದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ‘48 ವಿ’ ಎಂದಿತ್ತು. ಜೊತೆಗೆ ಎರಡು ಬ್ಯಾಟರಿ, ಡ್ರಿಲ್ಲಿನ ಬಾಯಿಗೆ ಸಿಕ್ಕಿಸುವ ಇಪ್ಪತ್ತೈದು ಬಿಟ್ಟು, ಕೆಂಪು ಸೂಟ್‌ಕೇಸು. ಬೆಲೆ ಮೂರು ಸಾವಿರದ ಒಳಗೆ. ಒಂದು ತಿಂಗಳು ಚೆನ್ನಾಗಿಯೇ ತಿರುಗಿತು. ಆಮೇಲೆ ಒಂದು ಬ್ಯಾಟರಿ ಚಾರ್ಜೇ ಹಿಡಿಯಲಿಲ್ಲ. ಕಂಪನಿಯ ಹೆಸರು ಹೇಳುವುದಿಲ್ಲ. ಅದೇ ಯಂತ್ರ ಹತ್ತು ಹೆಸರಿನಲ್ಲಿ ಸಿಗುತ್ತದೆ.

ನಮ್ಮ ಎಲೆಕ್ಟ್ರಿಷಿಯನ್ ಬಂದಿದ್ದಾಗ ಇಬ್ಬರೂ ಕೂತು ಅದನ್ನು ಬಿಚ್ಚಿದೆವು. ಒಳಗೆ ಐದು ಸೆಲ್ಲು. ‘ಇಷ್ಟೇನಾ ಮಾಷ್ಟ್ರೇ?’ ಎಂದು ನಕ್ಕರು. ಈ ಸೆಲ್ಲಿಗೆ 18650 ಎಂದು ಹೆಸರು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದಕ್ಕೇ ಆ ಹೆಸರು. ಒಂದೊಂದೂ 3.6 ವೋಲ್ಟ್. ಐದು ಸೇರಿದರೆ 18. ಪೂರ್ತಿ ಚಾರ್ಜಾದಾಗ ಒಂದು ಸೆಲ್ಲು 4.2ಕ್ಕೆ ಏರುತ್ತದೆ, ಆಗ ಒಟ್ಟು 21. ಹಾಗಾಗಿ ಅಂಗಡಿಯಲ್ಲಿ 18 ವೋಲ್ಟ್, 20 ವೋಲ್ಟ್, 21 ವೋಲ್ಟ್ ಎಂದು ಮೂರು ಡಬ್ಬ ಕಂಡರೆ ತಲೆಕೆಡಿಸಿಕೊಳ್ಳಬೇಡಿ. ಮೂರರ ಒಳಗೂ ಸಾಮಾನ್ಯವಾಗಿ ಅದೇ ಐದು ಸೆಲ್ಲಿನ ಸಾಲು. 48 ಬೇಕಾದರೆ ಹದಿಮೂರು ಸೆಲ್ಲು ಸಾಲಾಗಿ ಕೂರಬೇಕು. ನಮ್ಮ ಡಬ್ಬದಲ್ಲಿ ಆರನೆಯದಕ್ಕೂ ಜಾಗ ಇರಲಿಲ್ಲ. 48 ಎಲ್ಲಿಂದ ಬಂತೋ, ಲೆಕ್ಕದ ಮಾಷ್ಟ್ರಿಗೂ ಬಿಡಿಸಲಾಗಲಿಲ್ಲ.

ಇನ್ನೊಂದು ಅಂಕೆ ಇದೆ, ಎಎಚ್, ಅಂದರೆ ಆಂಪಿಯರ್-ಅವರ್. ವೋಲ್ಟ್ ಎಂದರೆ ಟಾಂಕಿ ಎಷ್ಟು ಎತ್ತರದಲ್ಲಿದೆ ಎಂಬುದು, ಎಎಚ್ ಎಂದರೆ ಟಾಂಕಿಯಲ್ಲಿ ಎಷ್ಟು ನೀರಿದೆ ಎಂಬುದು. ಇದರಲ್ಲೂ ಸುಳ್ಳು ಜಾಸ್ತಿ. ಹಿಡಿಯುವುದಕ್ಕೆ ನಾನು ಕಂಡುಕೊಂಡ ದಾರಿ ಅಡುಗೆಮನೆಯ ತಕ್ಕಡಿ. ಒಂದು ಸೆಲ್ಲು ಸುಮಾರು 45 ಗ್ರಾಂ ತೂಗುತ್ತದೆ. ಈ ಅಳತೆಯ ಒಂದು ಸೆಲ್ಲಿನಲ್ಲಿ ಎಷ್ಟೇ ತುಂಬಿಸಿದರೂ 3.5 ಎಎಚ್ ದಾಟುವುದು ಕಷ್ಟ. ಡ್ರಿಲ್ಲಿಗೆ ಹಾಕುವ ಒಳ್ಳೆಯ ಸೆಲ್ಲು 2ರಿಂದ 3ರ ಒಳಗೇ ಇರುತ್ತದೆ. ಆದ್ದರಿಂದ 18650 ಸೆಲ್ಲಿನ ಬ್ಯಾಟರಿ 5 ಎಎಚ್ ಇರಬೇಕಾದರೆ ಐದರ ಎರಡು ಸಾಲು, ಹತ್ತು ಸೆಲ್ಲು ಬೇಕೇಬೇಕು. ಸೆಲ್ಲಿನದ್ದೇ 450 ಗ್ರಾಂ ಆಯಿತು, ಡಬ್ಬದ ಪ್ಲಾಸ್ಟಿಕ್ಕು ಬೇರೆ. ‘6 ಎಎಚ್’ ಎಂದು ಬರೆದುಕೊಂಡಿದ್ದ ನಮ್ಮದನ್ನು ತಕ್ಕಡಿಗೆ ಹಾಕಿದರೆ 340 ಗ್ರಾಂ. ಬೆಲ್ಲ ತೂಗುತ್ತಿದ್ದ ಹೆಂಡತಿ, ‘ಇದನ್ನು ಬರೆದವರು ನಿಮ್ಮ ಶಿಷ್ಯರೇ ಇರಬೇಕು’ ಎಂದಳು.

ಎರಡನೇ ಸಲ ಆತುರ ಪಡಲಿಲ್ಲ. ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ವರ್ಷದ ಕೆಲಸ ಬರೆದೆ. ಮಳೆ ಬಿಟ್ಟ ಮೇಲೆ ಶೆಡ್ಡಿನ ಶೀಟು ಬಿಗಿ ಮಾಡುವುದು. ಬೇಸಿಗೆಯಲ್ಲಿ ಸ್ಪ್ರಿಂಕ್ಲರಿನ ಪೈಪು ಕತ್ತರಿಸಿ ಜೋಡಿಸುವುದು. ಗಾಳಿಗೆ ಬಿದ್ದ ಅಡಿಕೆ ಮರ ತುಂಡು ಮಾಡುವುದು. ಗೊಬ್ಬರಕ್ಕೆ ಸೊಪ್ಪಿನ ಗೆಲ್ಲು ಸವರುವುದು. ಬಾಗಿಲಿನ ತಿರುಗಣೆ, ಹಟ್ಟಿಯ ಗೇಟು, ಪಡಸಾಲೆಯ ಫ್ಯಾನು. ಬರೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಸ್ಕ್ರೂ ತಿರುಗಿಸುವ ಕೆಲಸ! ತೂತು ಕೊರೆಯುವುದು ನಾನು ಅಂದುಕೊಂಡದ್ದಕ್ಕಿಂತ ತೀರಾ ಕಡಿಮೆ.

ಇನ್ನು ಯಾವ ಕಂಪನಿ? ಇಲ್ಲಿ ಯೋಚನೆ ಬೇಕು. ಮೊದಲ ಡ್ರಿಲ್ಲಿನ ಜೊತೆ ನೀವು ಮನೆಗೆ ತರುವುದು ಬ್ಯಾಟರಿಯ ಕುಟುಂಬವನ್ನು. ಒಂದರ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಬಾಷ್‌ನ 18 ವೋಲ್ಟಿನ ನೀಲಿ ಯಂತ್ರದ ಬ್ಯಾಟರಿ ಅದೇ ಬಾಷ್‌ನ 18 ವೋಲ್ಟಿನ ಹಸಿರು ಯಂತ್ರಕ್ಕೇ ಕೂರುವುದಿಲ್ಲ. ಒಂದು ಮನೆಯ ಎರಡು ಒಲೆ ಇದ್ದ ಹಾಗೆ. ಒಮ್ಮೆ ಎರಡು ಬ್ಯಾಟರಿ, ಒಂದು ಚಾರ್ಜರ್ ಕೊಂಡರೆ ಮುಂದಿನ ಯಂತ್ರಗಳನ್ನು ಬ್ಯಾಟರಿ ಇಲ್ಲದೆ ಬರೀ ಮೈ ಮಾತ್ರ ತರಬಹುದು. ಮಕಿಟಾದಲ್ಲಾದರೆ ಅಂಥದ್ದರ ನಂಬರಿನ ಕೊನೆಯಲ್ಲಿ ‘ಝಡ್’ ಇರುತ್ತದೆ. ಅಂಗಡಿಯವರು ಸೋಲೋ ಎಂದೋ ಬೇರ್ ಎಂದೋ ಹೇಳುತ್ತಾರೆ. ನಾನು ಕೊಂಡಾಗ ಎರಡು ಬ್ಯಾಟರಿ, ಚಾರ್ಜರಿಗೇ ಒಟ್ಟು ಬೆಲೆಯ ಅರ್ಧಕ್ಕಿಂತ ಹೆಚ್ಚು ಹೋಗಿತ್ತು.

ನಾನು ಸೇರಿದ್ದು ಮಕಿಟಾದ 18 ವೋಲ್ಟಿನ ಕುಟುಂಬಕ್ಕೆ. ಅದೇ ಶ್ರೇಷ್ಠ ಎಂದು ವಾದ ಮಾಡುವುದಿಲ್ಲ. ನನ್ನ ಕಾರಣಗಳು ಬೇರೆ. ಒಂದು, ಪೆರ್ಲದ ಭಾವನ ಹತ್ತಿರ ಅದೇ ಬ್ಯಾಟರಿ ಇತ್ತು. ದೊಡ್ಡ ಕೆಲಸ ಇದ್ದ ದಿನ ಅವರ ಎರಡು, ನನ್ನ ಎರಡು ಸೇರಿದರೆ ನಾಲ್ಕು. ಎರಡು, 2005ರಲ್ಲಿ ಶುರುವಾದ ಸರಣಿ ಇನ್ನೂ ನಡೆಯುತ್ತಿದೆ. ನಾಳೆ ಬ್ಯಾಟರಿ ಸಿಗದೆ ಯಂತ್ರ ಅಟ್ಟ ಸೇರುವ ಭಯ ಕಡಿಮೆ. ಮೂರನೆಯದು ನಮ್ಮಂಥ ಗಡಿಯವರ ತಾಪತ್ರಯ. ರಿಪೇರಿಗೆ ಎಲ್ಲಿಗೆ ಹೋಗುವುದು? ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್. ನಮ್ಮದೇ ರಾಜ್ಯದ ಕೋಯಿಕ್ಕೋಡಿಗೆ ಅದರ ಮೂರು ಪಟ್ಟು ಮೇಲೆ. ಆಸ್ಪತ್ರೆ, ಕಾಲೇಜು, ಸೀರೆಗೆಲ್ಲ ಮಂಗಳೂರಿಗೆ ಓಡುವ ನಾವು ಡ್ರಿಲ್ಲನ್ನು ಮಾತ್ರ ತೆಂಕಕ್ಕೆ ಒಯ್ಯುತ್ತೇವಾ? ಮಂಗಳೂರಿನ ಅಂಗಡಿಯಲ್ಲಿ ಮೊದಲು ಕೇಳಿದ ಪ್ರಶ್ನೆಯೇ ಅದು: ಕೇರಳದ ವಿಳಾಸದ ಬಿಲ್ಲಿಗೆ ಇಲ್ಲಿ ವಾರಂಟಿ ನಡೆಯುತ್ತದಾ? ಹೌದು ಎಂದು ಬರೆಸಿಕೊಂಡೇ ದುಡ್ಡು ಕೊಟ್ಟೆ. ನೀವು ಪುತ್ತೂರಿನಲ್ಲಿ ಕೊಂಡರೂ ಇದನ್ನು ಕೇಳಿ.

ಮನೆಯೊಳಗಿನ ಕೆಲಸ ಮಾತ್ರ ಇರುವವರಿಗೆ ಇಷ್ಟೂ ಬೇಡ. ಮೂರು ಸೆಲ್ಲಿನ 12 ವೋಲ್ಟಿನ ಡ್ರಿಲ್ ಸಾಕು. ಹಗುರ, ಹೆಂಗಸರೂ ಮಕ್ಕಳೂ ಒಂದೇ ಕೈಯಲ್ಲಿ ಹಿಡಿಯಬಹುದು. ನನಗೆ ತೋಟ ಇದ್ದದ್ದರಿಂದ 18ಕ್ಕೆ ಹೋದೆ.

ಬ್ರಶ್‌ಲೆಸ್ ಮೋಟಾರಿಗೆ ಸ್ವಲ್ಪ ಜಾಸ್ತಿ ಕೊಡಿ. ಹಳೇ ಮೋಟಾರಿನಲ್ಲಿ ಕಾರ್ಬನ್ ತುಂಡು ಉಜ್ಜಿ ಸವೆಯುತ್ತದೆ, ಕಿಡಿ ಹಾರುತ್ತದೆ. ಇದರಲ್ಲಿ ಅದಿಲ್ಲ, ಅದೇ ಚಾರ್ಜಿಗೆ ಕೆಲಸವೂ ಹೆಚ್ಚು.

ಈಗ ನಮ್ಮ ಗೋಡೆಯ ವಿಷಯ. ಅಂಗಡಿಯವರು ‘ಹ್ಯಾಮರ್ ಇದೆ ಸರ್, ಹ್ಯಾಮರ್ ಇದೆ’ ಎಂದು ಮೂರು ಸಲ ಹೇಳಿದರು. ಹ್ಯಾಮರ್ ಎಂದರೆ ಬಿಟ್ಟು ತಿರುಗುತ್ತಲೇ ಮುಂದಕ್ಕೆ ಬಡಿಯುವ ವ್ಯವಸ್ಥೆ. ನಮ್ಮದು ಕೆಂಪುಕಲ್ಲಿನ ಮನೆ, 1974ರಲ್ಲಿ ಅಪ್ಪಯ್ಯ ಕಟ್ಟಿಸಿದ್ದು. ಮುರಕಲ್ಲಿಗೆ ಹ್ಯಾಮರ್ ಹಾಕಿದರೆ ಕಲ್ಲು ಕೊರೆಯುವುದಿಲ್ಲ, ಉದುರುತ್ತದೆ. 8 ಮಿಲಿಮೀಟರಿನ ಬಿಟ್ಟು ಹಾಕಿದ್ದೆ. ಹೊರಗೆ ತೆಗೆದಾಗ ಕಿರುಬೆರಳು ಹೋಗುವಷ್ಟು ತೂತು! ಕೆಂಪು ಹುಡಿ ಹೆಂಡತಿಯ ಬಿಳಿ ಪರದೆಯ ಮೇಲೆಲ್ಲ. ಸ್ಕ್ರೂ ಕೂರಿಸುವ ಪ್ಲಾಸ್ಟಿಕ್ ಪ್ಲಗ್ಗು ಹಾಕಿದರೆ ತಿರುಗಿಕೊಂಡೇ ಇತ್ತು. ಈಗ ಹ್ಯಾಮರ್ ಬಂದ್ ಮಾಡಿ, ಒಂದು ನಂಬರ್ ಸಣ್ಣ ಬಿಟ್ಟು ಹಾಕಿ, ನಿಧಾನಕ್ಕೆ ಬರೀ ತಿರುಗಿಸಿ ಕೊರೆಯುತ್ತೇನೆ. ಕಲ್ಲಿನ ನಡುವೆ ಗುಳಿ ಸಿಕ್ಕರೆ ಎರಡಿಂಚು ಸರಿಸುತ್ತೇನೆ. ತೂತಿನ ಹುಡಿಯನ್ನು ಸೈಕಲ್ ಪಂಪಿನಿಂದ ಊದಿ, ಉದ್ದದ ಪ್ಲಗ್ಗನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತೇನೆ. ಹಾಗೆ ಗೋಡೆಗೆ ಕೂರಿಸಿದ ಕಪಾಟು ಎರಡು ವರ್ಷದಿಂದ ಅಲ್ಲಾಡಿಲ್ಲ.

ಕಾಂಕ್ರೀಟಿನ ಲಿಂಟಲ್ಲಿಗೆ ಮಾತ್ರ ಈ ಡ್ರಿಲ್ ನಡೆಯುವುದಿಲ್ಲ. ಹ್ಯಾಮರ್ ಹಾಕಿ ಹತ್ತು ನಿಮಿಷ ಒತ್ತಿದರೂ ಅರ್ಧ ಇಂಚು. ಅದಕ್ಕೆ ಎಸ್‌ಡಿಎಸ್ ಎಂಬ ಬೇರೆ ನಮೂನೆಯ ಬಿಟ್ಟಿನ ರೋಟರಿ ಹ್ಯಾಮರೇ ಬೇಕು. ವರ್ಷಕ್ಕೆ ನಾಲ್ಕು ತೂತಿಗೆ ಅದನ್ನು ಯಾಕೆ ಕೊಳ್ಳುವುದು? ಎಲೆಕ್ಟ್ರಿಷಿಯನ್ ಹತ್ತಿರ ಇರುವ ವಯರಿನದ್ದನ್ನೇ ತರುತ್ತೇನೆ. ಆ ದಿನ ವಯರು ಎಳೆಯುತ್ತೇನೆ, ಪರವಾಗಿಲ್ಲ.

ಶೀಟಿನ ಕೆಲಸಕ್ಕೆ ತಂದದ್ದು ಇಂಪ್ಯಾಕ್ಟ್ ಡ್ರೈವರ್. ಇದಕ್ಕೆ ನಾನು ಸೋತುಹೋದೆ. ಸ್ಕ್ರೂ ಬಿಗಿಯಾಗಿ ನಿಂತಾಗ ಡ್ರಿಲ್ಲಾದರೆ ನಿಮ್ಮ ಮಣಿಕಟ್ಟನ್ನೇ ತಿರುಗಿಸಿಬಿಡುತ್ತದೆ. ಏಣಿಯ ಮೇಲೆ ನಿಂತಿದ್ದರಂತೂ ಮುಗಿಯಿತು. ಇದರ ಒಳಗೆ ಸಣ್ಣ ಸುತ್ತಿಗೆಯೊಂದು ತಿರುಗುವ ದಿಕ್ಕಿಗೇ ಟಕಟಕ ಹೊಡೆಯುತ್ತದೆ. ಸ್ಕ್ರೂ ಒಳಗೆ ಹೋಗುತ್ತದೆ, ಕೈ ತಿರುಚುವುದಿಲ್ಲ. ಸದ್ದು ಮಾತ್ರ ವಿಪರೀತ, ಕಿವಿಗೆ ಇಯರ್ ಪ್ಲಗ್ ಇಟ್ಟುಕೊಳ್ಳಿ. ಶೀಟಿನ ಸ್ಕ್ರೂವಿನ ಅಡಿಯಲ್ಲಿ ಕಪ್ಪು ರಬ್ಬರ್ ವಾಷರ್ ಇರುತ್ತದಲ್ಲ, ಅದು ಚಪ್ಪಟೆಯಾಗಿ ಅಂಚಿನಿಂದ ಸ್ವಲ್ಪ ಇಣುಕಿದ ಕೂಡಲೇ ಬೆರಳು ಬಿಡಬೇಕು. ಇನ್ನೂ ಒಂದು ಟಕ್ ಆದರೆ ರಬ್ಬರ್ ಹರಿಯುತ್ತದೆ. ಅದು ನಿಮಗೆ ಗೊತ್ತಾಗುವುದು ಮುಂದಿನ ಜೂನಿನಲ್ಲಿ, ಅಡಿಕೆ ಗೋಣಿಯ ಮೇಲೆ ನೀರು ತೊಟ್ಟಿಕ್ಕುವಾಗ. ನನಗೆ ಮೂರು ಕಡೆ ಗೊತ್ತಾಯಿತು.

ಮೂರನೆಯದು ಹತ್ತಿಂಚಿನ ಬಾರಿನ ಸಣ್ಣ ಚೈನ್ ಸಾ. ಗಾಳಿ ಬಂದು ಹೋದ ಬೆಳಿಗ್ಗೆ ತೋಟದ ಕಣಿಗೆ ಅಡ್ಡ ಬಿದ್ದ ಅಡಿಕೆ ಮರವನ್ನು ತುಂಡು ಮಾಡಲು ಎರಡು ನಿಮಿಷ ಸಾಕು. ಅಡಿಕೆ, ತೆಂಗಿನ ಮರ ಕೊಯ್ದರೆ ಚೈನು ಬೇಗ ಮೊಂಡಾಗುತ್ತದೆ. ಹಿಟ್ಟಿನಂಥ ಹುಡಿ ಬಂದರೆ ಮೊಂಡಾಗಿದೆ ಎಂದು ಅರ್ಥ. ಚೂಪಾಗಿದ್ದರೆ ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ದುಂಡು ಅರ ಒಂದು ತಂದಿಟ್ಟುಕೊಳ್ಳಿ. ಬ್ಯಾಟರಿ ಬದಲಿಸುವಾಗಲೆಲ್ಲ ಚೈನಿನ ಎಣ್ಣೆಯನ್ನೂ ನೋಡುವುದು ರೂಢಿ ಮಾಡಿಕೊಂಡಿದ್ದೇನೆ. ನಮ್ಮ ಕಡೆ ಕೆಲವರು ಗ್ರೈಂಡರಿಗೆ ಮರ ಕೊಯ್ಯುವ ಬ್ಲೇಡು ಹಾಕಿ, ಗಾರ್ಡು ತೆಗೆದು ಗೆಲ್ಲು ಕೊಯ್ಯುತ್ತಾರೆ. ದಯವಿಟ್ಟು ಬೇಡ. ಅದು ಸಿಕ್ಕಿಹಾಕಿಕೊಂಡರೆ ಹಾರುವುದು ನಿಮ್ಮ ಕಡೆಗೇ.

ಹುಲ್ಲು ಹೊಡೆಯಲು ಬ್ಯಾಟರಿಯ ಬ್ರಶ್ ಕಟ್ಟರ್ ತರುವ ಆಸೆಯೂ ಇತ್ತು. ಲೆಕ್ಕ ಹಾಕಿದೆ. 18 ವೋಲ್ಟ್, 5 ಎಎಚ್ ಎಂದರೆ 90 ವ್ಯಾಟ್-ಅವರ್. ಎರಡು ಬ್ಯಾಟರಿ ಹಾಕುವ ಯಂತ್ರಕ್ಕೆ 180. ಮಳೆಗಾಲದ ದಪ್ಪ ಹುಲ್ಲಿನಲ್ಲಿ ಮೋಟಾರು 500 ವ್ಯಾಟ್ ಎಳೆದರೆ ಇಪ್ಪತ್ತೆರಡು ನಿಮಿಷಕ್ಕೆ ಖಾಲಿ. ಒಂದು ಬ್ಯಾಟರಿ ಚಾರ್ಜಾಗಲು ಮುಕ್ಕಾಲು ಗಂಟೆ, ಎರಡಕ್ಕೆ ಒಂದೂವರೆ. ಅದೂ ಕರೆಂಟು ಇದ್ದರೆ. ಆಟಿಯಲ್ಲಿ ನಮ್ಮಲ್ಲಿ ಕರೆಂಟು ನೆಂಟರ ಹಾಗೆ, ಬಂದು ಹೋಗುತ್ತದೆ. ಮನೆಯ ಸುತ್ತ ಹತ್ತು ಸೆಂಟ್ಸ್ ಇರುವವರಿಗೆ ಬ್ಯಾಟರಿಯದ್ದೇ ಒಳ್ಳೆಯದು. ಒಂದೂವರೆ ಎಕರೆ ತೋಟ, ಮೇಲೆ ಗುಡ್ಡೆ ಇರುವವನಿಗೆ ಪೆಟ್ರೋಲಿನದ್ದೇ ಸರಿ.

ಚಾರ್ಜರ್ ಹೋದ ಕಥೆಯನ್ನೂ ಹೇಳಬೇಕು. 2023ರ ಅಕ್ಟೋಬರ್, ತುಲಾ ತಿಂಗಳ ಸಂಜೆಯ ಗುಡುಗು. ಟಿವಿಯ ಪ್ಲಗ್ಗು ತೆಗೆದೆ, ಇನ್ವರ್ಟರ್ ತೆಗೆದೆ. ಕೊಟ್ಟಿಗೆಯ ಗೂಡಿನಲ್ಲಿ ಚಾರ್ಜರ್ ಸಿಕ್ಕಿಸಿದ್ದು ಮರೆತೇಹೋಯಿತು. ಒಂದೇ ಸಿಡಿಲು. ಚಾರ್ಜರ್ ಸುಟ್ಟ ವಾಸನೆ ಬೆಳಿಗ್ಗೆಯವರೆಗೂ ಇತ್ತು. ಪುಣ್ಯಕ್ಕೆ ಬ್ಯಾಟರಿ ಉಳಿಯಿತು. ಸಿಡಿಲಿಗೆ ವಾರಂಟಿ ಇಲ್ಲ. ಈಗ ಬ್ಯಾಟರಿ ತುಂಬಿದ ಕೂಡಲೇ ಚಾರ್ಜರನ್ನು ಗೋಡೆಯಿಂದ ತೆಗೆದು ಡಬ್ಬಕ್ಕೆ ಹಾಕುತ್ತೇನೆ.

ಮಳೆಗಾಲದಲ್ಲಿ ಇಟ್ಟುಕೊಳ್ಳುವುದೂ ಒಂದು ಕೆಲಸ. ಬಟ್ಟೆಯ ಚೀಲದಲ್ಲಿಟ್ಟರೆ ಚೀಲಕ್ಕೆ ಬೂಷ್ಟು, ಡ್ರಿಲ್ಲಿನ ಬಾಯಿಗೆ ತುಕ್ಕು. ಬಾಯಿಗೆ ಒಂದು ಹನಿ ಹೊಲಿಗೆ ಮೆಷಿನ್ನಿನ ಎಣ್ಣೆ ಸವರಿ, ಬಿಗಿ ಮುಚ್ಚಳದ ಡಬ್ಬದಲ್ಲಿಡುತ್ತೇನೆ. ತಿಂಗಳುಗಟ್ಟಲೆ ಮುಟ್ಟದಿದ್ದರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿಡಬೇಕು. ಪೂರ್ತಿ ಖಾಲಿ ಮಾಡಿ ಇಟ್ಟದ್ದು ಎದ್ದೇಳುವುದೇ ಇಲ್ಲ. ಕೆಲಸ ಮಾಡಿ ಬಿಸಿಯಾದದ್ದನ್ನು ತಕ್ಷಣ ಚಾರ್ಜಿಗೆ ಹಾಕುವುದೂ ಬೇಡ, ಒಂದು ಲೋಟ ಚಹಾ ಕುಡಿದು ಬನ್ನಿ.

ಮೊನ್ನೆ ಭಾನುವಾರ ಹಟ್ಟಿಯ ಗೇಟಿಗೆ ಹೊಸ ತಿರುಗಣೆ ಹಾಕೋಣ ಎಂದು ಡಬ್ಬ ತೆರೆದರೆ ಎರಡೂ ಬ್ಯಾಟರಿ ಇಲ್ಲ. ಪೆರ್ಲಕ್ಕೆ ಫೋನ್ ಮಾಡಿದೆ. ‘ನಿನ್ನೆ ತಂಗಿ ಹತ್ತಿರ ಹೇಳಿಯೇ ತಂದೆನಲ್ಲ ಭಾವ’ ಎಂದರು. ಹಿಂದಿನಿಂದ ಇಂಪ್ಯಾಕ್ಟ್ ಡ್ರೈವರಿನ ಟಕಟಕ ಕೇಳುತ್ತಿತ್ತು. ಅಟ್ಟ ಹತ್ತಿ ಹಳೇ ಸ್ಕ್ರೂಡ್ರೈವರ್ ಹುಡುಕಿದೆ.